ತಳ ತಾಗಿದ ಬೋಟಿನಲ್ಲಿ ಕಾಯುವುದೇ, ಇಳಿಯುವುದೇ?

ಮಳೆಬಿಲ್ಲು

ನಾವು ಸಿಯಾಟಲ್‌ನಲ್ಲಿ ಇರುವವರು. ಈ ಬೇಸಿಗೆಯಲ್ಲಿ ದಾವಣಗೆರೆಯಿಂದ ಅಪ್ಪ, ಅಮ್ಮ ಬಂದಿದ್ದರು. ಅವರನ್ನು ಕರೆದುಕೊಂಡು ಆಗ್ನೇಯ ಅಲಾಸ್ಕಾಕ್ಕೆ ಹೋಗಿದ್ದೆವು. ತಿಮಿಂಗಿಲ ನೋಡಲೆಂದು ಹತ್ತಿದ ಸಣ್ಣ ಪ್ರವಾಸಿ ಬೋಟ್ ಹಿಂದಿರುಗುವಾಗ ಒಂದು ಹೊಳೆ ಸಮುದ್ರ ಸೇರುವಲ್ಲಿ ತಳ ತಾಗಿ ನಿಂತುಬಿಟ್ಟಿತು. ಬಡಿದ ಸದ್ದೇನೂ ಆಗಲಿಲ್ಲ. ವೇಗ ತಗ್ಗಿತು, ಎಂಜಿನ್ ಸದ್ದು ನಿಂತಿತು, ಅಷ್ಟೇ. ಸ್ವಲ್ಪ ಹೊತ್ತಿಗೆ ಅಮ್ಮನ ಮುಂದಿದ್ದ ಕಾಫಿ ಲೋಟ ತಾನಾಗಿಯೇ ಮೇಜಿನ ಅಂಚಿನ ಕಡೆಗೆ ಜಾರತೊಡಗಿತು. ಬೋಟ್ ಒಂದು ಮಗ್ಗುಲಿಗೆ ವಾಲುತ್ತಿದೆ ಎಂದು ಗೊತ್ತಾದದ್ದು ಆಗಲೇ.

ಸಿಬ್ಬಂದಿ ಎಲ್ಲರಿಗೂ ಜೀವರಕ್ಷಕ ಜಾಕೆಟ್ ತೊಡಿಸಿದರು, ತಲೆ ಎಣಿಸಿದರು, ಮತ್ತೆ ಎಣಿಸಿದರು. ಕ್ಯಾಪ್ಟನ್ ಮಾತ್ರ ಬೋಟನ್ನು ಹಿಂದಕ್ಕೆ ಎಳೆಯುವ ಯತ್ನವನ್ನೇ ಮಾಡಲಿಲ್ಲ. ಇನ್ನೊಂದು ಬೋಟ್ ಕರೆಸಿ, ವಯಸ್ಸಾದವರನ್ನು ಮೊದಲು ಮಾಡಿ ಎಲ್ಲರನ್ನೂ ದಾಟಿಸಿದರು. ಅಷ್ಟರಲ್ಲಿ ನಮ್ಮಲ್ಲೇ ಎರಡು ಪಂಗಡವಾಗಿತ್ತು. ಒಂದಿಷ್ಟು ಜನ "ಜೋರಾಗಿ ರಿವರ್ಸ್ ಕೊಟ್ಟಿದ್ದರೆ ಐದು ನಿಮಿಷದ ಕೆಲಸ" ಎಂದು ಕೂಗಾಡಿದರು. ಇನ್ನೊಂದಿಷ್ಟು ಜನ "ನೀರು ಏರಿದಾಗ ತಾನಾಗಿ ತೇಲುತ್ತದೆ, ಅಲ್ಲಿಯವರೆಗೆ ಕುಳಿತಿದ್ದರೆ ಸಾಕಿತ್ತು, ಈ ಚಳಿಯಲ್ಲಿ ಮುದುಕರನ್ನು ಬೋಟಿನಿಂದ ಬೋಟಿಗೆ ದಾಟಿಸುವುದೇ ಅಪಾಯ" ಎಂದರು. ಅಪ್ಪ ಈಗಲೂ ಎರಡನೆಯ ಪಂಗಡದಲ್ಲಿಯೇ ಇದ್ದಾರೆ. ಸಮುದ್ರದ ಕೆಲಸ ಬಲ್ಲವರು ಇಲ್ಲಿ ಯಾರಾದರೂ ಇದ್ದರೆ ತಿಳಿಸಿ.

ಹಳೇ ಚುಕ್ಕಾಣಿ

ಮೇಡಂ, ಮೊದಲು ನಿಮ್ಮ ಕ್ಯಾಪ್ಟನ್‌ಗೆ ಒಂದು ನಮಸ್ಕಾರ. ನಾನು ಕುಂದಾಪುರದವನು, ಸರಕು ಹಡಗುಗಳಲ್ಲಿ ದುಡಿದು ನಿವೃತ್ತನಾದವನು. ರಿವರ್ಸ್ ಕೊಡದೆ ಸುಮ್ಮನಿರುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು ಎಂದು ನನಗೆ ಗೊತ್ತು. ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

ತಳ ತಾಗಿದ ಕ್ಷಣದಲ್ಲಿ ಮೂರು ಸಂಗತಿ ಗೊತ್ತಿರುವುದಿಲ್ಲ. ಕೆಳಗಿರುವುದು ಕೆಸರೋ, ಮರಳೋ, ಬಂಡೆಯೋ? ತಳ ಒಡೆದಿದೆಯೋ ಇಲ್ಲವೋ? ಸುತ್ತ ಆಳದ ನೀರು ಯಾವ ಕಡೆಗಿದೆ? ಇವು ಗೊತ್ತಾಗದೆ ರಿವರ್ಸ್ ಕೊಟ್ಟರೆ ಪ್ರೊಪೆಲರ್ ಕೆಸರು ಮರಳನ್ನೆಲ್ಲ ಕಲಕುತ್ತದೆ. ಎಂಜಿನ್ ತಂಪು ಮಾಡಲು ಒಳಗೆಳೆಯುವ ನೀರಿನ ಜೊತೆ ಅದೂ ಒಳಗೆ ಹೋಗಿ ಎಂಜಿನ್ ಕೂರುತ್ತದೆ. ಒಂದೇ ಪ್ರೊಪೆಲರ್ ಇರುವ ಬೋಟಾದರೆ ರಿವರ್ಸ್‌ನಲ್ಲಿ ಹಿಂಭಾಗ ಪಕ್ಕಕ್ಕೆ ಹೊರಳುತ್ತದೆ, ಚುಕ್ಕಾಣಿಯೂ ಹೋಗಿ ದಿಬ್ಬಕ್ಕೆ ಬಡಿಯಬಹುದು. ಕೆಳಗೆ ಬಂಡೆ ಇದ್ದು ತಳ ಹರಿದಿದ್ದರಂತೂ ಕೇಳುವುದೇ ಬೇಡ. ಆ ಬೋಟನ್ನು ಮುಳುಗದಂತೆ ಹಿಡಿದಿರುವುದು ಅದೇ ಬಂಡೆ. ಎಳೆದು ಆಳಕ್ಕೆ ತಂದರೆ ನಾವೇ ಮುಳುಗಿಸಿದಂತೆ.

ಆದ್ದರಿಂದ ಎಂಜಿನ್ ನಿಲ್ಲಿಸಿ, ಅಪಾಯದ ಗಂಟೆ ಹೊಡೆದು, ನೀರುನಿರೋಧಕ ಬಾಗಿಲು ಮುಚ್ಚಿ, ಜನರನ್ನು ಎಣಿಸಿ, ತಳದ ಕೋಣೆಗಳಲ್ಲಿ ನೀರು ಬರುತ್ತಿದೆಯೇ ಎಂದು ಅಳೆದು, ಆಮೇಲೆ ಹೊರಗಿನ ಆಳವನ್ನು ಸುತ್ತಲೂ ಅಳೆಯಬೇಕು. ಕರಾವಳಿ ಪಡೆಗೆ ತಿಳಿಸುವುದು ಇದೆಲ್ಲದರ ಜೊತೆಯಲ್ಲೇ ಆಗಬೇಕು, ಕೊನೆಯಲ್ಲಲ್ಲ. ಹಗಲಾದರೆ ಮೂರು ಕಪ್ಪು ಗೋಲಗಳನ್ನು ಒಂದರ ಕೆಳಗೊಂದು ಏರಿಸುತ್ತೇವೆ, ರಾತ್ರಿಯಾದರೆ ಲಂಗರು ದೀಪದ ಜೊತೆಗೆ ಎರಡು ಕೆಂಪು ದೀಪ. ಎದುರಿನಿಂದ ಬರುವವನಿಗೆ ಇಲ್ಲೊಂದು ಹಡಗು ನೆಲ ಹಿಡಿದಿದೆ ಎಂದು ತಿಳಿಯಬೇಕಲ್ಲ.

ನಿಮ್ಮ ತಂದೆಯವರ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಒಂದು ಕೇಳುತ್ತೇನೆ: ಆಗ ನೀರು ಇಳಿಯುತ್ತಿತ್ತೋ, ಏರುತ್ತಿತ್ತೋ?

ಮಳೆಬಿಲ್ಲು

ಇಳಿಯುತ್ತಿತ್ತು ಸರ್. ನಾವು ದಾಟುವ ಹೊತ್ತಿಗೆ ದಡದ ಬಂಡೆಗಳ ಮೇಲೆ ಒದ್ದೆಯಾದ ಕಪ್ಪು ಪಟ್ಟಿ ಒಂದಾಳೆತ್ತರ ಆಗಿತ್ತು.

ಹಳೇ ಚುಕ್ಕಾಣಿ

ಹಾಗಾದರೆ ಲೆಕ್ಕ ಹಾಕೋಣ. ಅಲಾಸ್ಕಾದ ಜೂನೋ ಊರಿನ ಸುತ್ತಮುತ್ತ ದೊಡ್ಡ ಉಬ್ಬರದ ದಿನಗಳಲ್ಲಿ ನೀರು ಐದಾರು ಮೀಟರ್ ಏರಿಳಿಯುತ್ತದೆ. ಆರು ಮೀಟರ್ ಎಂದೇ ಹಿಡಿಯಿರಿ, ಆರು ಗಂಟೆಯಲ್ಲಿ ಇಳಿಯಬೇಕು. ನಾವಿಕರ ರೂಢಿಯ ಲೆಕ್ಕದ ಪ್ರಕಾರ ಮೊದಲ ಗಂಟೆಯಲ್ಲಿ ಅರ್ಧ ಮೀಟರ್, ಎರಡನೆಯದರಲ್ಲಿ ಒಂದು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ ಒಂದೂವರೆ, ಮತ್ತೆ ಒಂದು, ಮತ್ತೆ ಅರ್ಧ. ಅಂದರೆ ನಡುವಿನ ಎರಡು ಗಂಟೆಗಳಲ್ಲಿ ಪ್ರತಿ ಹತ್ತು ನಿಮಿಷಕ್ಕೆ ಕಾಲು ಮೀಟರ್ ನೀರು ಕೆಳಗಿಳಿಯುತ್ತದೆ. ಆ ಹೊತ್ತಿನಲ್ಲಿ ತಳ ತಾಗಿದರೆ, ಏನಾಯಿತು ಎಂದು ತಿಳಿಯುವಷ್ಟರಲ್ಲಿ ಬೋಟ್ ಕದಲದ ಸ್ಥಿತಿಗೆ ಬಂದಿರುತ್ತದೆ. ಆಮೇಲೆ ಅದು ವಾಲುತ್ತಲೇ ಹೋಗುತ್ತದೆ. ಎಷ್ಟು ವಾಲುತ್ತದೆ ಎನ್ನುವುದು ತಳದ ಆಕಾರಕ್ಕೂ ನೆಲದ ಇಳಿಜಾರಿಗೂ ಬಿಟ್ಟದ್ದು. ನೀರು ಮತ್ತೆ ಏರಿ ಬಂದಾಗ ವಾಲಿದ ಬೋಟ್ ನೆಟ್ಟಗಾಗುವ ಮೊದಲೇ ಬಾಗಿಲು ಕಿಟಕಿಗಳಿಂದ ನೀರು ಒಳನುಗ್ಗುವುದುಂಟು.

ಅಪಾಯವಿಲ್ಲ ಎನ್ನುವಂತೆ ಕಾಣುವ ಹೊತ್ತಿನಲ್ಲಿಯೇ ಜನರನ್ನು ಇಳಿಸಬೇಕು. ಬೋಟ್ ಕಾಯಲಿ, ಅದಕ್ಕೆ ವಿಮೆ ಇದೆ. ಪಕ್ಕದಲ್ಲಿ ಇನ್ನೊಂದು ಬೋಟ್ ನಿಲ್ಲಲು ನೀರಿದ್ದು, ಅಲೆ ಇಲ್ಲದೆ, ಬೆಳಕಿರುವಾಗ ದಾಟಿಸಿದರೆ ಮುದುಕರಿಗೂ ಮಕ್ಕಳಿಗೂ ಅದು ನಾಲ್ಕು ಹೆಜ್ಜೆಯ ಕೆಲಸ. ಈ ಮೂರರಲ್ಲಿ ಒಂದು ತಪ್ಪಿದರೂ ಅದೇ ನಾಲ್ಕು ಹೆಜ್ಜೆ ಪ್ರಾಣದ ಮೇಲೆ ಬರುತ್ತದೆ.

ಬಯಲುಸೀಮೆ ಓದುಗ

ಸರ್, ಒಂದು ಸಂದೇಹ. ಈಗ ಜಿಪಿಎಸ್ ಇದೆ, ಆಳ ತೋರಿಸುವ ಯಂತ್ರವಿದೆ, ಪರದೆಯ ಮೇಲೆ ನಕ್ಷೆಯಿದೆ. ಇಷ್ಟೆಲ್ಲ ಇದ್ದೂ ಪ್ರಯಾಣಿಕರ ಬೋಟ್ ಹೋಗಿ ನೆಲ ಹಿಡಿಯುತ್ತದೆ ಎಂದರೆ ಅದು ಶುದ್ಧ ನಿರ್ಲಕ್ಷ್ಯವಲ್ಲವೇ? ಏರಿಳಿಯುವ ನೀರಿನ ಮೇಲೆ, ಅದರ ಸೆಳವಿನ ಮೇಲೆ ಗೂಬೆ ಕೂರಿಸುವುದು ಏಕೆ?

ಹಳೇ ಚುಕ್ಕಾಣಿ

ನಿರ್ಲಕ್ಷ್ಯದ ಪಾಲು ದೊಡ್ಡದೇ. ಅದನ್ನು ಮುಚ್ಚಿಡುವುದಿಲ್ಲ. 2006ರ ಮಾರ್ಚ್ 22ರಂದು, ನಡುರಾತ್ರಿ ಕಳೆದ ಹೊತ್ತಿನಲ್ಲಿ, ಕೆನಡಾದ ಕ್ವೀನ್ ಆಫ್ ದ ನಾರ್ತ್ ಎಂಬ ಫೆರ‍್ರಿ ತಿರುಗಬೇಕಾದ ಕಡೆ ತಿರುಗಲಿಲ್ಲ, ನೇರ ಹೋಗಿ ಗಿಲ್ ದ್ವೀಪಕ್ಕೆ ಬಡಿದು ಮುಳುಗಿತು. 101 ಜನರಲ್ಲಿ 99 ಮಂದಿ ಪಾರಾದರು, ಇಬ್ಬರು ಸಿಗಲೇ ಇಲ್ಲ. ಅದರಲ್ಲಿ ಸೆಳವಿನ ತಪ್ಪು ಏನೂ ಇರಲಿಲ್ಲ.

ಆದರೆ ಸೆಳವು ಬಲವಾಗಿರುವಲ್ಲಿ ಎಚ್ಚರದಿಂದ ಇರುವವನಿಗೂ ಸಮಯ ಸಿಗುವುದಿಲ್ಲ. ನಾಲ್ಕು ನಾಟ್ ಸೆಳವು ಎಂದರೆ ಸೆಕೆಂಡಿಗೆ ಎರಡು ಮೀಟರ್. ಎಂಜಿನ್ ಒಂದೇ ಒಂದು ನಿಮಿಷ ಕೈಕೊಟ್ಟರೆ ಬೋಟ್ ನೂರಿಪ್ಪತ್ತು ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಇನ್ನೂರು ಮೀಟರ್ ಅಗಲದ ಕಾಲುವೆಯ ನಡುವೆ ಇದ್ದವನಿಗೆ ದಡ ನೂರೇ ಮೀಟರ್ ದೂರ. ಎಂಟು ನಾಟ್ ವೇಗದ ಬೋಟ್ ನಾಲ್ಕು ನಾಟ್ ಅಡ್ಡ ಸೆಳವನ್ನು ದಾಟಿ ನೇರ ಹೋಗಬೇಕಾದರೆ ಮೂತಿಯನ್ನು ಮೂವತ್ತು ಡಿಗ್ರಿ ಓರೆ ಹಿಡಿಯಬೇಕು. ದಿಕ್ಕು ನೋಡಿ ನಡೆಸುವವನಿಗೆ ಎಲ್ಲವೂ ಸರಿಯಿದೆ ಎನ್ನಿಸುತ್ತಿರುತ್ತದೆ, ಅಷ್ಟರಲ್ಲಿ ಬಂಡೆ ಪಕ್ಕದಿಂದ ಬರುತ್ತದೆ.

ಇನ್ನೊಂದು ಮಾತು. ಸೆಳವು ಹಿಂದಿನಿಂದ ತಳ್ಳುತ್ತಿದ್ದರೆ ಪರದೆಯ ಮೇಲೆ ವೇಗ ಹದಿನೈದು ನಾಟ್ ಕಾಣಬಹುದು. ಚುಕ್ಕಾಣಿಗೆ ಸಿಗುವುದು ಮಾತ್ರ ಬೋಟ್ ನೀರಿನೊಳಗೆ ಸಾಗುವ ವೇಗ, ಅದು ಆರೋ ಏಳೋ ಇರುತ್ತದೆ. ತಿರುವಿನಲ್ಲಿ ಯೋಚಿಸಲು ಇರುವ ಹೊತ್ತು ಅರ್ಧಕ್ಕಿಂತ ಕಡಿಮೆಯಾಗಿ, ತಿರುಗುವ ಶಕ್ತಿ ಮಾತ್ರ ಇದ್ದಷ್ಟೇ ಇರುತ್ತದೆ. ಜಿಪಿಎಸ್ ಇದನ್ನು ತೋರಿಸುತ್ತದೆ, ತಡೆಯುವುದಿಲ್ಲ. ಬಲವಾದ ಸೆಳವಿನಲ್ಲಿ ದಾರಿಯ ಗುರುತಿಗೆ ತೇಲಿಬಿಟ್ಟ ಬೋಯ್ ಕೂಡ ವಾಲಿ ನೀರಿನೊಳಗೆ ಅಡಗಿಬಿಡುವುದುಂಟು. ಆಳ ತೋರಿಸುವ ಯಂತ್ರ ಹೇಳುವುದು ನಮ್ಮ ಕೆಳಗಿನ ನೀರನ್ನು, ಮುಂದಿನದನ್ನಲ್ಲ.

ವ್ಯಾಂಕೂವರ್ ದ್ವೀಪ ಮತ್ತು ಕ್ವಾಡ್ರಾ ದ್ವೀಪಗಳ ನಡುವೆ ಸೀಮೋರ್ ನ್ಯಾರೋಸ್ ಎಂಬ ಇಕ್ಕಟ್ಟಾದ ದಾರಿ ಇದೆ. ಅಲ್ಲಿ ಸೆಳವು ಹದಿನೈದು ನಾಟ್‌ವರೆಗೆ ಹೋಗುತ್ತದೆ. ಅದರ ನಟ್ಟನಡುವೆ, ನೀರಿಳಿದಾಗ ಮೇಲ್ಮೈಯಿಂದ ಮೂರು ಮೀಟರ್ ಕೂಡ ಆಳವಿಲ್ಲದಂತೆ ರಿಪಲ್ ರಾಕ್ ಎಂಬ ಬಂಡೆ ತಲೆಯೆತ್ತಿ ನಿಂತಿತ್ತು. ನೂರಕ್ಕೂ ಹೆಚ್ಚು ಪ್ರಾಣ ತೆಗೆದುಕೊಂಡ ಬಂಡೆ ಅದು. ಮೇಲಿನಿಂದ ಕೊರೆಯಲು ತಂದ ದೋಣಿಗಳನ್ನು ಸೆಳವು ನಿಲ್ಲಗೊಡಲಿಲ್ಲ. ಕೊನೆಗೆ ಪಕ್ಕದ ಮಾಡ್ ದ್ವೀಪದಿಂದ ಸಮುದ್ರದ ತಳದ ಅಡಿಯಲ್ಲಿ ಸುರಂಗ ಕೊರೆದು, ಬಂಡೆಯ ಹೊಟ್ಟೆಯೊಳಗೆ 1,270 ಟನ್ ಸ್ಫೋಟಕ ತುಂಬಿ, 1958ರ ಏಪ್ರಿಲ್ 5ರಂದು ಸಿಡಿಸಿದರು. ಬಂಡೆ ಹೋಯಿತು, ಸೆಳವು ಹೋಗಲಿಲ್ಲ. ದೊಡ್ಡ ಪ್ರವಾಸಿ ಹಡಗುಗಳು ಈಗಲೂ ಅಲ್ಲಿ ನೀರಿನ ಓಟ ನಿಲ್ಲುವ ಹೊತ್ತಿಗೆ ಸರಿಯಾಗಿ ದಾಟುವಂತೆ ವೇಳಾಪಟ್ಟಿ ಹೊಂದಿಸಿಕೊಳ್ಳುತ್ತವೆ. ಸಿಟ್ಕಾ ಊರಿನ ದಾರಿಯಲ್ಲಿರುವ ಸರ್ಜಿಯಸ್ ನ್ಯಾರೋಸ್ ಕೂಡ ಹಾಗೆಯೇ. ಅಲ್ಲಿನ ಸರ್ಕಾರಿ ಫೆರ‍್ರಿ ಊರು ಮುಟ್ಟುವ ಹೊತ್ತನ್ನು ಗಡಿಯಾರಕ್ಕಿಂತ ಹೆಚ್ಚಾಗಿ ನೀರೇ ನಿರ್ಧರಿಸುತ್ತದೆ.

ಅಘನಾಶಿನಿ ದಡ

ಕ್ಯಾಪ್ಟನ್ ಸಾಹೇಬರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ತದಡಿಯ ಕಡೆ ಏರಿಳಿತ ಎರಡು ಮೀಟರ್ ಆಸುಪಾಸು ಇರಬಹುದು, ಅಲಾಸ್ಕಾದ ಮುಂದೆ ಏನೂ ಅಲ್ಲ. ಆದರೂ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಇಳಿತದ ನೀರು ಹೊರಗೆ ಓಡುತ್ತಿರುವಾಗ ಎದುರಿನಿಂದ ಗಾಳಿಯ ಅಲೆ ಬಂದರೆ ಆ ಜಾಗದಲ್ಲಿ ಅಲೆ ಕಡಿದಾಗಿ ಎದ್ದು ನಿಲ್ಲುತ್ತದೆ. ಹೊರಗಿನ ಸಮುದ್ರ ಶಾಂತವಾಗಿರುತ್ತದೆ, ಒಳಗಿನ ಹೊಳೆಯೂ ಶಾಂತವಾಗಿರುತ್ತದೆ, ನಡುವಿನ ಆ ಒಂದು ಫರ್ಲಾಂಗ್‌ನಲ್ಲಿ ಮಾತ್ರ ದೋಣಿ ಮೂತಿ ಮುಳುಗಿಸಿ ಏಳುತ್ತದೆ. ಅದಕ್ಕೇ ಬೋಟ್ ನಡೆಸುವ ನಮ್ಮ ಹಿರಿಯ ತಂಡೇಲರು ಮೀನು ತುಂಬಿಕೊಂಡು ಬಂದರೂ ಅಳಿವೆಯ ಹೊರಗೆ ನಿಂತು ಉಬ್ಬರಕ್ಕೆ ಕಾಯುತ್ತಾರೆ. ಮೀನಿನ ದರ ಇಳಿಯುತ್ತದೆ ಎಂದು ಅವಸರ ಮಾಡಿದವನ ಬೋಟ್ ಮರಳ ದಿಬ್ಬ ಹತ್ತುತ್ತದೆ.

ದಿಬ್ಬ ಕೂಡ ಇದ್ದಲ್ಲಿ ಇರುವುದಿಲ್ಲ. ಮಳೆಗಾಲ ಕಳೆದ ಮೇಲೆ ಹೂಳು ಬಿದ್ದು ಕಳೆದ ವರ್ಷದ ದಾರಿ ಈ ವರ್ಷ ಇರುವುದಿಲ್ಲ. ಪರದೆಯ ಮೇಲಿನ ನಕ್ಷೆಯನ್ನು ನಂಬಿ ಬಂದ ಹೊರಗಿನವರು ಸಿಕ್ಕಿಬೀಳುವುದು ಇಲ್ಲಿಯೇ.

ಲೆಕ್ಕದ ಮೇಷ್ಟ್ರು

ನಾನು ಹಡಗಿನವನಲ್ಲ, ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವವನು. ಈ ಚರ್ಚೆ ಓದಿ ಪ್ರಿನ್ಸೆಸ್ ಮೇ ಹಡಗಿನ ಹಳೆಯ ಚಿತ್ರ ನೆನಪಾಯಿತು. ಅಲಾಸ್ಕಾದ ಲಿನ್ ಕಾಲುವೆಯಲ್ಲಿ, ಸೆಂಟಿನೆಲ್ ದ್ವೀಪದ ಬಳಿ ಅದು ಬಂಡೆಯ ಮೇಲೆ ಏರಿದ್ದು 1910ರ ಆಗಸ್ಟ್ 5ರಂದು, ನೀರು ತುಂಬಿ ನಿಂತಿದ್ದಾಗ. ನೀರಿಳಿದ ಮೇಲೆ ಇಡೀ ಹಡಗು ಮೂತಿ ಮೇಲೆತ್ತಿಕೊಂಡು ಬಂಡೆಯ ಮೇಲೆ ಒಣಗಲು ಇಟ್ಟಂತೆ ನಿಂತಿತು. ಪ್ರಯಾಣಿಕರೂ ಸಿಬ್ಬಂದಿಯೂ ಸೇರಿ ಸುಮಾರು ನೂರೈವತ್ತು ಜನ ಕ್ಷೇಮವಾಗಿ ದ್ವೀಪಕ್ಕೆ ಇಳಿದರು. ಹಡಗನ್ನು ಮತ್ತೆ ನೀರಿಗಿಳಿಸಿದ್ದು ಸೆಪ್ಟೆಂಬರ್ 3ರಂದು.

ಈ ಎರಡು ದಿನಾಂಕಗಳನ್ನು ಹಿಡಿದು ಚಂದ್ರನ ಲೆಕ್ಕ ಮಾಡಿದೆ. ಎರಡೂ ಅಮಾವಾಸ್ಯೆ! ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಅತಿ ಎತ್ತರಕ್ಕೆ ಹೋಗುತ್ತದೆ. ಆ ಎತ್ತರದಲ್ಲಿ ಬಂಡೆ ಹತ್ತಿದ ಹಡಗಿಗೆ ಮಾರನೆಯ ದಿನದಿಂದ ಸಿಗುವ ನೀರು ಕಡಿಮೆಯಾಗುತ್ತಲೇ ಹೋಗುತ್ತದೆ. ಮತ್ತೆ ಅಷ್ಟು ನೀರು ಬೇಕೆಂದರೆ ಮುಂದಿನ ಹುಣ್ಣಿಮೆಗೋ ಅಮಾವಾಸ್ಯೆಗೋ ಕಾಯಬೇಕು. ಮೇಡಂ ಅವರ ತಂದೆಯವರು ಹೇಳುವಂತೆ ನೀರು ಮತ್ತೆ ಏರುವುದು ನಿಜ, ಆದರೆ ಅಷ್ಟೇ ಎತ್ತರಕ್ಕೆ ಏರುತ್ತದೆ ಎಂಬ ಭರವಸೆ ಇಲ್ಲ.

ಹಳೇ ಚುಕ್ಕಾಣಿ

ಮೇಷ್ಟ್ರೇ, ಬಹಳ ಒಳ್ಳೆಯ ಲೆಕ್ಕ. ನೀವು ಆ ಹಡಗಿನ ಹೆಸರು ತೆಗೆದದ್ದರಿಂದ ಅದರ ತಂಗಿಯ ಕಥೆಯನ್ನೂ ಹೇಳಲೇಬೇಕು. ಅದೇ ಕಂಪನಿ, ಅದೇ ಲಿನ್ ಕಾಲುವೆ. ಪ್ರಿನ್ಸೆಸ್ ಸೋಫಿಯಾ 1918ರ ಅಕ್ಟೋಬರ್ 23ರ ರಾತ್ರಿ ಸ್ಕ್ಯಾಗ್‌ವೇ ಬಂದರು ಬಿಟ್ಟಿತು, ಮೂರು ಗಂಟೆ ತಡವಾಗಿ. ಹಿಮದ ಬಿರುಗಾಳಿ. ಬೆಳಗಿನ ಜಾವ ಎರಡರ ಸುಮಾರಿಗೆ ವ್ಯಾಂಡರ್‌ಬಿಲ್ಟ್ ಎಂಬ ಬಂಡೆಸಾಲನ್ನು ಹತ್ತಿ ಕುಳಿತಿತು. ಅಲ್ಲಿ ಬೋಯ್ ಇತ್ತು, ದೀಪ ಇರಲಿಲ್ಲ.

ಹಡಗು ಬಂಡೆಯ ಮೇಲೆ ನೆಟ್ಟಗೆ ಕುಳಿತಿತ್ತು, ಮುಳುಗುವ ಲಕ್ಷಣವಿರಲಿಲ್ಲ. ಬೆಳಗಾದ ಮೇಲೆ ಜೂನೋದಿಂದ ದೋಣಿಗಳು, ಸಣ್ಣ ಹಡಗುಗಳು ಬಂದು ಸುತ್ತ ನಿಂತವು. ಇಳಿತದಲ್ಲಿ ಸುತ್ತ ಬಂಡೆಗಳು ಬಾಯ್ತೆರೆದಿದ್ದವು, ಜೀವರಕ್ಷಕ ದೋಣಿ ಇಳಿಸಿದರೆ ಅವುಗಳ ಮೇಲೆಯೇ ಬೀಳುತ್ತಿತ್ತು. ಉಬ್ಬರದಲ್ಲಿ ಅಲೆ ಒಡೆಯುತ್ತಿತ್ತು. ಕ್ಯಾಪ್ಟನ್ ಲಾಕ್ ಕಾಯಲು ನಿರ್ಧರಿಸಿದರು. ಸುಮಾರು ನಲವತ್ತು ಗಂಟೆ ಕಾದರು. 25ರ ಸಂಜೆ ಗಾಳಿ ಇನ್ನೂ ಜೋರಾಯಿತು, ಗಾಳಿಯ ಮರೆಗೆ ಹೋಗಿ ನಿಂತಿದ್ದ ದೋಣಿಗಳಿಗೆ ಹತ್ತಿರ ಬರಲಾಗಲಿಲ್ಲ. ಗಾಳಿ, ಅಲೆ, ಏರಿದ ನೀರು ಮೂರೂ ಸೇರಿ ಹಡಗನ್ನು ಬಂಡೆಯ ಮೇಲೆಯೇ ತಿರುಗಿಸಿ, ತಳವನ್ನು ಸೀಳಿ, ಆಳಕ್ಕೆ ಜಾರಿಸಿದವು. 340ಕ್ಕೂ ಹೆಚ್ಚು ಜನ, ಒಬ್ಬರೂ ಉಳಿಯಲಿಲ್ಲ. ಈಜಿ ದಡ ಸೇರಿದ್ದು ಒಂದು ನಾಯಿ ಮಾತ್ರ. ಸೋರಿದ ಇಂಧನ ಎಣ್ಣೆಯಲ್ಲಿ ಉಸಿರುಕಟ್ಟಿ ಸತ್ತವರು ಅನೇಕರು. ಶವಗಳನ್ನು ಹೊತ್ತ ಹಡಗು ವ್ಯಾಂಕೂವರ್ ಮುಟ್ಟಿದ್ದು ನವೆಂಬರ್ 11ರಂದು, ಮೊದಲ ಮಹಾಯುದ್ಧ ಮುಗಿದ ದಿನ. ಊರೆಲ್ಲ ಬೀದಿಯಲ್ಲಿ ಕುಣಿಯುತ್ತಿದ್ದಾಗ ಈ ಸುದ್ದಿ ಯಾರ ಕಿವಿಗೂ ಬೀಳಲಿಲ್ಲ.

ಈ ಘಟನೆಯನ್ನು ಓದಿದಾಗಲೆಲ್ಲ ನನಗೆ ನಿದ್ದೆ ಬರುವುದಿಲ್ಲ. ಆ ಸ್ಥಾನದಲ್ಲಿ ನಿಂತು ನೋಡಿದವನಿಗೆ ಅದರ ಭಾರ ಗೊತ್ತು.

ಬಯಲುಸೀಮೆ ಓದುಗ

ಇದು ನಿಮ್ಮ ಮಾತಿಗೇ ವಿರುದ್ಧವಾಗಿದೆಯಲ್ಲ ಸರ್? ಇಳಿಸಿದ್ದರೂ ಸಾವು, ಕಾದಿದ್ದರಿಂದಲೂ ಸಾವು. ಆ ಕ್ಯಾಪ್ಟನ್ ತಪ್ಪು ಮಾಡಿದರು ಎಂದು ನೂರು ವರ್ಷ ಕಳೆದ ಮೇಲೆ ಬೆಚ್ಚಗೆ ಕುಳಿತು ಹೇಳುವುದು ನ್ಯಾಯವೇ?

ಹಳೇ ಚುಕ್ಕಾಣಿ

ತಪ್ಪು ಮಾಡಿದರು ಎಂದು ನಾನು ಹೇಳುವುದಿಲ್ಲ. ಕೆನಡಾದ ವಿಚಾರಣಾ ಆಯೋಗ ಕೂಡ ಇದು ಸಮುದ್ರದ ಅಪಾಯ ಎಂದೇ ತೀರ್ಮಾನಿಸಿತು. ಆದರೆ ಮೊದಲ ದಿನ ಕೆಲವು ಗಂಟೆ ಜನರನ್ನು ಇಳಿಸಬಹುದಿತ್ತು ಎಂದು ನೆರವಿಗೆ ಬಂದಿದ್ದವರಲ್ಲಿ ಕೆಲವರು ಸಾಕ್ಷಿ ನುಡಿದರು, ಸಾಧ್ಯವಿರಲಿಲ್ಲ ಎಂದವರೂ ಇದ್ದರು. ನನ್ನ ಮಟ್ಟಿಗೆ ಅದರಲ್ಲಿರುವ ಪಾಠ ಬೇರೆ. ಹಡಗು ಗಟ್ಟಿಯಾಗಿ ಕುಳಿತಿದೆ ಎನ್ನುವುದು ಧೈರ್ಯ ತಂದುಕೊಳ್ಳುವ ಕಾರಣವಾಗಬಾರದು. ಅದು ಕುಳಿತಿರುವುದು ನೀರಿನ ಎತ್ತರದ ಮೇಲೆ, ನೀರಿನ ಎತ್ತರ ಪ್ರತಿ ಗಂಟೆ ಬದಲಾಗುತ್ತದೆ.

ಅದೇ ಕಾಲುವೆಯ ಬಾಯಲ್ಲಿ, ರಾಕಿ ದ್ವೀಪದ ಹತ್ತಿರ, 2007ರ ಮೇ 14ರಂದು ಎಂಪ್ರೆಸ್ ಆಫ್ ದ ನಾರ್ತ್ ಎಂಬ ಪ್ರವಾಸಿ ಹಡಗು ಬಂಡೆಗೆ ಬಡಿಯಿತು. ನಡುರಾತ್ರಿ ಕಳೆದ ಹೊತ್ತು, ಚುಕ್ಕಾಣಿಯ ಹೊಣೆ ಹೊತ್ತಿದ್ದವನು ಹೊಸದಾಗಿ ಪರವಾನಗಿ ಪಡೆದ ಕಿರಿಯ ಅಧಿಕಾರಿ. ಪ್ರಯಾಣಿಕರು 206. ಹವೆ ಶಾಂತವಾಗಿತ್ತು. ಹಡಗು ಉಳಿಯುತ್ತದೋ ಇಲ್ಲವೋ ಎಂದು ಕಾದು ನೋಡದೆ ಸುತ್ತಲಿನ ಬೋಟುಗಳಿಗೆ, ಫೆರ‍್ರಿಗೆ ಜನರನ್ನು ದಾಟಿಸಿದರು. ಎಲ್ಲರೂ ಬದುಕಿದರು. ಹಡಗೂ ಉಳಿಯಿತು ನೋಡಿ. ಹಾಗೆಂದು ಯಾರಾದರೂ "ಸುಮ್ಮನೆ ಇಳಿಸಿದರು" ಎನ್ನಲಾದೀತೇ?

ಮಳೆಬಿಲ್ಲು

ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಸೋಫಿಯಾ ಕಥೆ ಮುಗಿಯುವವರೆಗೆ ಮಾತನಾಡಲಿಲ್ಲ. ಆಮೇಲೆ "ಬೋಟ್ ಹತ್ತುವ ಮೊದಲು ನಮ್ಮಂಥವರು ಏನು ನೋಡಿಕೊಳ್ಳಬೇಕು, ಅದನ್ನು ಕೇಳು" ಎಂದರು.

ಹಳೇ ಚುಕ್ಕಾಣಿ

ತಂದೆಯವರಿಗೆ ನಮಸ್ಕಾರ ತಿಳಿಸಿ. ಜಾಕೆಟ್ ಕೈಗೆಟುಕುವಂತೆ ಇದೆಯೇ, ನಿಮ್ಮ ಅಳತೆಯದೇ ಎಂದು ಹತ್ತಿದ ಕೂಡಲೇ ನೋಡಿ, ಬೋಟ್ ವಾಲಿದ ಮೇಲಲ್ಲ. ಹತ್ತುವಾಗ ತಲೆ ಎಣಿಸದ ಬೋಟನ್ನು ಹತ್ತಬೇಡಿ, ಏಕೆಂದರೆ ಅಪಾಯವಾದಾಗ ಯಾರು ಕಾಣೆಯಾದರು ಎಂದು ಅವರಿಗೆ ತಿಳಿಯುವುದೇ ಇಲ್ಲ. ತಳ ತಾಗಿದರೆ ನೋಡಲೆಂದು ಎಲ್ಲರೂ ಒಂದೇ ಮಗ್ಗುಲಿಗೆ ಓಡಬೇಡಿ. ಮುಖ್ಯವಾಗಿ, ಬೋಟಿನವರು "ನೀರು ಸರಿಯಿಲ್ಲ, ಒಂದು ಗಂಟೆ ತಡವಾಗಿ ಹೊರಡೋಣ" ಎಂದರೆ ಜಗಳ ಮಾಡಬೇಡಿ. ಹಣ ಕೊಟ್ಟವರ ಕೂಗಿಗೆ ಮಣಿದು ಹೊತ್ತಲ್ಲದ ಹೊತ್ತಿನಲ್ಲಿ ಅಳಿವೆ ದಾಟಿದ ಬೋಟುಗಳನ್ನು ನಾನು ಕಂಡಿದ್ದೇನೆ.

ಅಘನಾಶಿನಿ ದಡ

ಈ ಕೊನೆಯ ಮಾತು ನಮ್ಮ ಕಾರವಾರಕ್ಕೂ ಬೇಕು. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ಬೋಟ್ ಮಗುಚಿ 16 ಜನ ಹೋದರು, ಮಕ್ಕಳೂ ಇದ್ದರು. ಅದು ತಳ ತಾಗಿದ ಪ್ರಕರಣವಲ್ಲ, ಅಲೆಗೆ ಸಿಕ್ಕಿ ಮಗುಚಿದ್ದು. ಮಿತಿ ಮೀರಿ ಜನ ಹತ್ತಿದ್ದರು, ಬಹಳ ಮಂದಿಗೆ ಜಾಕೆಟ್ ಇರಲಿಲ್ಲ. ಸೆಳವಿನ ಪಾತ್ರ ಎಷ್ಟಿತ್ತು ಎಂದು ನಾನು ಹೇಳಲಾರೆ. ಆದರೆ ಜಾತ್ರೆ ನಡೆಯುವುದು ಪುಷ್ಯ ಹುಣ್ಣಿಮೆಗೆ. ಅಂದರೆ ಮೇಷ್ಟ್ರು ಹೇಳಿದ ದೊಡ್ಡ ಉಬ್ಬರ, ದೊಡ್ಡ ಇಳಿತದ ಆಸುಪಾಸಿನಲ್ಲಿಯೇ ಪ್ರತಿ ವರ್ಷ ಸಾವಿರಾರು ಜನ ಕಾಳಿ ನದಿಯ ಅಳಿವೆಯ ಎದುರಿನ ನೀರನ್ನು ದಾಟುತ್ತಾರೆ. ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಬೋಟ್ ಬಿಡಬೇಕು ಎನ್ನುವುದನ್ನು ಆ ದಿನದ ನೀರು ನೋಡಿ ಗೊತ್ತುಮಾಡಿ ದಕ್ಕೆಯಲ್ಲಿ ದೊಡ್ಡದಾಗಿ ಬರೆದು ಹಾಕಿದರೆ ಏನು ಖರ್ಚಾಗುತ್ತದೆ?

ಲೆಕ್ಕದ ಮೇಷ್ಟ್ರು

ಆ ಹೊತ್ತು ಮುಂಚಿತವಾಗಿ ಸಿಗುತ್ತದೆ. ಬಂದರುಗಳ ಉಬ್ಬರವಿಳಿತದ ಪಟ್ಟಿಯನ್ನು ಸರ್ವೇ ಆಫ್ ಇಂಡಿಯಾ ಪ್ರತಿ ವರ್ಷ ಹೊರತರುತ್ತದೆ, ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯೂ ಮುನ್ಸೂಚನೆ ಕೊಡುತ್ತದೆ.

ಹಳೇ ಚುಕ್ಕಾಣಿ

ಕೊಡುತ್ತದೆ, ಆದರೆ ಒಂದು ಎಚ್ಚರಿಕೆ ಮೇಷ್ಟ್ರೇ. ಆ ಪಟ್ಟಿಯಲ್ಲಿ ಇರುವುದು ನೀರಿನ ಎತ್ತರ. ಇಕ್ಕಟ್ಟಿನಲ್ಲಿ, ಅಳಿವೆಯಲ್ಲಿ ಸೆಳವು ತಿರುಗುವ ಹೊತ್ತು ಅದಕ್ಕೆ ಹೊಂದುವುದಿಲ್ಲ. ದಡದಲ್ಲಿ ನೀರು ಏರತೊಡಗಿದ ಮೇಲೂ ನಡುವಿನ ಓಟ ಹೊರಗೇ ಇರುವುದುಂಟು. ಅಮೆರಿಕ, ಕೆನಡಾದವರು ಅದಕ್ಕೇ ಸೆಳವಿನ ಪಟ್ಟಿಯನ್ನು ಬೇರೆಯಾಗಿಯೇ ಅಚ್ಚು ಮಾಡುತ್ತಾರೆ. ಕಾಳಿ ಅಳಿವೆಯ ಮಟ್ಟಿಗೆ ಎತ್ತರದ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಓಟ ತಿರುಗುವುದಕ್ಕೆ ಇನ್ನೆಷ್ಟು ಹೊತ್ತು ಬೇಕು ಎಂದು ಅಲ್ಲಿಯೇ ಹುಟ್ಟಿ ಬೆಳೆದ ತಂಡೇಲರನ್ನು ಕೇಳಿ ಬರೆದುಕೊಳ್ಳಬೇಕು. ಮಳೆಗಾಲದ ನೀರು ಹೊಳೆಯಲ್ಲಿ ಇನ್ನೂ ಇಳಿದಿರದ ತಿಂಗಳುಗಳಿಗೆ ಒಂದು ಲೆಕ್ಕ, ಜಾತ್ರೆಯ ತಿಂಗಳಿಗೆ ಇನ್ನೊಂದು.